ಕಳಲೆಯ ಮೂರು ದಿನದ ನೀರು



ನಾನು ಓದಿದ್ದು ಬಿ.ಇ., ಮಾಡುತ್ತಿರುವುದು ಸಾಫ್ಟ್‌ವೇರ್ ಕೆಲಸ. ಆದರೂ ಇವತ್ತು ನಮ್ಮ ಬಿಸಿಲೆ ಸೀಮೆಯ ಅಡುಗೆಮನೆಯ ರಸಾಯನಶಾಸ್ತ್ರದ ಬಗ್ಗೆ ಎರಡು ಮಾತು ಹೇಳುತ್ತೇನೆ. ವಿಷಯ ಕಳಲೆ ಮತ್ತು ಸಯನೈಡ್.

ಸಯನೈಡ್ ಎಂದರೆ ಒಂದು ಇಂಗಾಲ, ಒಂದು ಸಾರಜನಕ ಬಿಗಿಯಾಗಿ ಕೂಡಿದ ಜೋಡಿ. ಕೋಲಾರದ ಗಣಿಯಲ್ಲಿ ಅದಿರಿನ ಪುಡಿಯಿಂದ ಚಿನ್ನ ಕರಗಿಸಿ ತೆಗೆಯಲು ಸೋಡಿಯಂ ಸಯನೈಡ್ ಬಳಸುತ್ತಿದ್ದರು. 2001ರಲ್ಲಿ ಗಣಿ ಮುಚ್ಚಿತು, ಆ ಪುಡಿಯ ಸಯನೈಡ್ ಗುಡ್ಡಗಳು ಇನ್ನೂ ನಿಂತಿವೆ.

ಅದೇ ಜೋಡಿ ನಮ್ಮ ಎಳೆ ಬಿದಿರಿನಲ್ಲೂ ಇದೆ. ಅಲ್ಲಿ ಟ್ಯಾಕ್ಸಿಫಿಲಿನ್ ಎಂಬ ರೂಪದಲ್ಲಿ, ಸಕ್ಕರೆಯ ಕಣಕ್ಕೆ ಕಟ್ಟಿಕೊಂಡು ಸುಮ್ಮನಿರುತ್ತದೆ. ಕಳಲೆಯನ್ನು ಹೆಚ್ಚಿದಾಗ ಅದರಲ್ಲೇ ಇರುವ ಕಿಣ್ವ ಈ ಕಟ್ಟು ಬಿಚ್ಚುತ್ತದೆ, ಹೈಡ್ರೋಜನ್ ಸಯನೈಡ್ ಹೊರಬರುತ್ತದೆ. ಬಯಲುಸೀಮೆಯಲ್ಲಿ ಮಳೆಯಿಲ್ಲದೆ ಬಾಡಿದ ಎಳೆ ಜೋಳ ಮೇಯ್ದು ದನಗಳು ಸಾಯುವುದೂ ಈ ವಿಷದಿಂದಲೇ.

ಇದು ದೇಹ ಸೇರಿದರೆ ಜೀವಕೋಶವು ಆಮ್ಲಜನಕ ಬಳಸುವ ದಾರಿಯನ್ನೇ ಮುಚ್ಚುತ್ತದೆ. ರಕ್ತದಲ್ಲಿ ಆಮ್ಲಜನಕ ಇದ್ದರೂ ಜೀವಕೋಶಕ್ಕೆ ಉಸಿರು ಕಟ್ಟುತ್ತದೆ. ಅಲ್ಪಸ್ವಲ್ಪವಾದರೆ ದೇಹವೇ ಗಂಧಕ ಸೇರಿಸಿ ಮೂತ್ರದಲ್ಲಿ ಹೊರಹಾಕುತ್ತದೆ. ಒಮ್ಮೆಲೇ ಹೆಚ್ಚಾದರೆ ತಲೆನೋವು, ವಾಂತಿ, ಏದುಸಿರು. ಆಗ ಮನೆಮದ್ದು ಮಾಡುತ್ತಾ ಕೂರದೆ ಆಸ್ಪತ್ರೆಗೆ ಓಡಬೇಕು.

ಹಾಗಾದರೆ ನಮ್ಮ ಅಜ್ಜಿಯರು ಏನು ಮಾಡಿದರು? ಸಣ್ಣಗೆ ಹೆಚ್ಚಿದರು: ಕಿಣ್ವ ಕೆಲಸ ಮಾಡಿತು. ಮೂರು ದಿನ ನೆನೆಸಿ ದಿನವೂ ನೀರು ಬದಲಿಸಿದರು: ಬಿಡುಗಡೆಯಾದ ವಿಷ ನೀರಿನೊಂದಿಗೆ ಹೋಯಿತು. ಆಮೇಲೆ ಚೆನ್ನಾಗಿ ಬೇಯಿಸಿದರು: ಹೈಡ್ರೋಜನ್ ಸಯನೈಡ್ 26 ಡಿಗ್ರಿಗೇ ಕುದಿಯುವಂಥದ್ದು, ಉಳಿದದ್ದು ಆವಿಯಾಯಿತು. ಸೂತ್ರ ಗೊತ್ತಿರಲಿಲ್ಲ, ಕ್ರಮ ತಪ್ಪಲಿಲ್ಲ.

ಈಗ ಕಳಲೆ ನಮ್ಮಂಥವರ ಬ್ಯಾಗಿನಲ್ಲಿ ಬೆಂಗಳೂರಿಗೆ ಹೋಗುತ್ತಿದೆ. ಅಲ್ಲಿ ಮೂರು ದಿನ ಕಾಯುವ ವ್ಯವಧಾನ ಯಾರಿಗೂ ಇಲ್ಲ, ಕಹಿ ಹೋದರೆ ಸಾಕೆನ್ನುವವರೇ ಹೆಚ್ಚು. ಆದ್ದರಿಂದ ತಾಯಂದಿರೇ, ಕಳಲೆ ಕೊಡುವಾಗ ಕ್ರಮವನ್ನೂ ಹೇಳಿ ಕೊಡಿ. ನೆನೆಸಿದ ನೀರನ್ನು ಕಲಗಚ್ಚಿಗೆ ಸುರಿಯಬೇಡಿ, ದನ ಕುಡಿದೀತು.

ಮಕ್ಕಳೇ, ಮುಂದಿನ ಮಳೆಗಾಲದಲ್ಲಿ ಮನೆಮನೆಯ ಅಜ್ಜಿಯರನ್ನು ಕೇಳಿ ಈ ಕ್ರಮಗಳನ್ನು ಬರೆದಿಡಿ. ವಿಜ್ಞಾನದ ಮೇಷ್ಟ್ರು ಪಕ್ಕದಲ್ಲಿ ಕಾರಣ ಬರೆಸಲಿ. ಐವತ್ತು ತುಂಬಿದ ಶಾಲೆಗೆ ಅದು ಒಳ್ಳೆಯ ಕಾಣಿಕೆ.