ಡಕೋಟ ಜನಾಂಗದ ನೃತ್ಯವಿದ್ಯೆಯೂ ಉಡುಗೆಯ ಕಾಯಕವೂ

(ಮಹೋತ್ಸವದ ವಿದ್ವತ್ಸಭೆಯಲ್ಲಿ ಮಾಡಿದ ಉಪನ್ಯಾಸ)

 

ವಿದ್ಯೆಯು ಗ್ರಂಥದಲ್ಲಿರುವುದೋ ಗುರುವಿನಲ್ಲಿರುವುದೋ ಎಂಬುದು ಬಹು ಪ್ರಾಚೀನವಾದ ಪ್ರಶ್ನೆ. ಗ್ರಂಥವಿಲ್ಲದಿದ್ದರೂ ವಿದ್ಯೆಯು ಉಳಿಯಬಹುದು. ಕಲಿಸುವವರಿಗೂ ಕಲಿಯುವವರಿಗೂ ಇರುವ ಸಂಬಂಧವು ಕಡಿದುಹೋದರೆ ಉಳಿಯಲಾರದು. ಇದಕ್ಕೆ ನಿದರ್ಶನವಾಗಿ ಭೂಮಂಡಲದ ಆಚೆಯ ಮಗ್ಗುಲಲ್ಲಿರುವ ಒಂದು ಜನಾಂಗದ ವೃತ್ತಾಂತವನ್ನು ಸಭೆಯ ಮುಂದಿಡಲಾಗುವುದು.

ಉತ್ತರ ಅಮೇರಿಕೆಯ ಮಿನ್ನೆಸೋಟ, ಉತ್ತರ ಮತ್ತು ದಕ್ಷಿಣ ಡಕೋಟ, ನೆಬ್ರಾಸ್ಕ ಸಂಸ್ಥಾನಗಳಲ್ಲಿಯೂ ಕೆನಡಾ ದೇಶದ ಕೆಲವೆಡೆಗಳಲ್ಲಿಯೂ ಡಕೋಟರೆಂಬ ಮೂಲನಿವಾಸಿಗಳು ನೆಲೆಸಿರುವರು. ಡಕೋಟ ಎಂಬ ಶಬ್ದಕ್ಕೆ ಅವರ ನುಡಿಯಲ್ಲಿ ಮಿತ್ರರೆಂದು ಅರ್ಥ. ಅವರು ತಮ್ಮ ನೃತ್ಯಕೂಟವನ್ನು ‘ವಾಚೀಪಿ’ ಎಂದು ಕರೆಯುವರು. ದೊಡ್ಡದೊಂದು ನಗಾರಿಯ ಸುತ್ತಲೂ ಗಾಯಕರು ಕುಳಿತು ಏಕಕಾಲದಲ್ಲಿ ಬಾರಿಸುತ್ತ ಹಾಡುವರು. ಆ ನಾದಕ್ಕೆ ಆಬಾಲವೃದ್ಧರೂ ಹೆಜ್ಜೆಯಿಡುವರು. ಅಲ್ಲಿ ನೋಡುವವರು ಬೇರೆ, ಕುಣಿಯುವವರು ಬೇರೆ ಎಂಬ ಕಟ್ಟುನಿಟ್ಟಾದ ಭೇದವಿಲ್ಲ.

ಆ ಸಂದರ್ಭದಲ್ಲಿ ಧರಿಸುವ ಉಡುಗೆಯನ್ನು ‘ವೇಷ’ವೆಂದು ಕರೆದರೆ ಅವರ ಮನಸ್ಸಿಗೆ ನೋವಾಗುವುದು. ವೇಷವು ನಾಟಕದವರದು, ಕಳಚಿಟ್ಟ ಮೇಲೆ ಅದಕ್ಕೂ ತೊಟ್ಟವನಿಗೂ ಸಂಬಂಧವಿಲ್ಲ. ಇವರ ಉಡುಗೆಯಾದರೋ ಧರಿಸುವವರ ಕುಲ, ಬಂಧುತ್ವ, ಪಡೆದ ಗೌರವ ಇವುಗಳ ಗುರುತಾಗಿರುವುದು. ಜಿಂಕೆಯ ಚರ್ಮವನ್ನು ಹದಮಾಡಿ ಮೊಕಸಿನ್ ಎಂಬ ಪಾದರಕ್ಷೆಯನ್ನು ಹೊಲಿಯುವರು. ಮುಳ್ಳುಹಂದಿಯ ಮುಳ್ಳುಗಳನ್ನು ತೊಳೆದು, ಅಳತೆಯಂತೆ ವಿಂಗಡಿಸಿ, ಬಣ್ಣಕಟ್ಟಿ, ನೆನೆಯಿಸಿ, ಚಪ್ಪಟೆ ಮಾಡಿ ಚರ್ಮದ ಮೇಲೆ ಚಿತ್ರವಾಗಿ ಕೂಡಿಸುವರು. ಯೂರೋಪಿನ ವರ್ತಕರು ಗಾಜಿನ ಮಣಿಗಳನ್ನು ತಂದ ತರುವಾಯ ಮಣಿಗೆಲಸವೂ ಬೆಳೆಯಿತು. ಪುರುಷರ ಶಿರೋಭೂಷಣವನ್ನು ಮುಳ್ಳುಹಂದಿಯ ನೀಳವಾದ ಕೂದಲಿನಿಂದಲೂ ಜಿಂಕೆಯ ಬಾಲದ ಕೂದಲಿನಿಂದಲೂ ಕಟ್ಟುವರು. ಕೋಪವಿದ್ದಾಗ ಸೂಜಿಯನ್ನು ಹಿಡಿಯಬಾರದು, ಮನಸ್ಸಿನ ಸ್ಥಿತಿಯು ವಸ್ತುವಿನಲ್ಲಿ ಸೇರುವುದೆಂದು ಹಿರಿಯರು ಎಚ್ಚರಿಸುವರು. ಕಾಯಕದ ಮರ್ಮವನ್ನು ಬಲ್ಲವರಿಗೆ ಈ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಇಂಥ ವಿದ್ಯೆಯ ಬೇರಿಗೇ ಕೊಡಲಿಯ ಪೆಟ್ಟು ಬಿದ್ದಿತು. 1862ರಲ್ಲಿ, ಒಪ್ಪಂದದಂತೆ ಸಲ್ಲಬೇಕಾದ ಹಣವು ತಡವಾಗಿ, ಹಸಿವಿನಿಂದ ಕಂಗೆಟ್ಟ ಡಕೋಟರಿಗೂ ಅಮೇರಿಕದ ಸರಕಾರಕ್ಕೂ ಯುದ್ಧವಾಯಿತು. ಅದೇ ವರ್ಷದ ಡಿಸೆಂಬರ್ 26ರಂದು ಮ್ಯಾಂಕೇಟೊ ಎಂಬ ಊರಿನಲ್ಲಿ 38 ಮಂದಿ ಡಕೋಟರನ್ನು ಒಂದೇ ವೇದಿಕೆಯಲ್ಲಿ ಗಲ್ಲಿಗೇರಿಸಲಾಯಿತು. ನೇಣಿನ ಕೆಳಗೆ ನಿಂತಾಗಲೂ ಅವರು ಹಾಡುತ್ತಿದ್ದರು. ಮರುವರ್ಷ ಉಳಿದವರನ್ನು ಮಿನ್ನೆಸೋಟದಿಂದ ಹೊರಗಟ್ಟುವ ಶಾಸನವಾಯಿತು. 1883ರ ನಿಯಮಾವಳಿಯು ಸೂರ್ಯನೃತ್ಯ, ರಣನೃತ್ಯ ಮೊದಲಾದವುಗಳನ್ನು ಅಪರಾಧಗಳೆಂದು ಸಾರಿತು. ಮೊದಲ ಸಲ ಕುಣಿದವನಿಗೆ 10 ದಿವಸಗಳವರೆಗೆ ಪಡಿಧಾನ್ಯವನ್ನು ನಿಲ್ಲಿಸಬಹುದಾಗಿತ್ತು. ಮರಳಿ ಕುಣಿದವನನ್ನು 30 ದಿವಸಗಳವರೆಗೆ ಸೆರೆಯಲ್ಲಿಡಬಹುದಾಗಿತ್ತು. ಮಕ್ಕಳನ್ನು ದೂರದ ವಸತಿಶಾಲೆಗಳಿಗೆ ಒಯ್ದು, ಕೂದಲನ್ನು ಕತ್ತರಿಸಿ, ಮಾತೃಭಾಷೆಯನ್ನಾಡಿದರೆ ದಂಡಿಸಿದರು. 1921ರಲ್ಲಿ ಹೊರಟ ಸರಕಾರಿ ಸುತ್ತೋಲೆಯು ಕೂಟಗಳಲ್ಲಿ ಸ್ವತ್ತನ್ನು ಹಂಚಿಬಿಡುವ ಪದ್ಧತಿಯನ್ನೂ ಖಂಡಿಸಿತು. ದಾಸೋಹವನ್ನು ದೋಷವೆಂದು ಎಣಿಸಿದ ಆಳಿಕೆಯು ಇನ್ನಾವುದನ್ನು ಪುಣ್ಯವೆಂದೀತು?

ಆದರೂ ವಿದ್ಯೆಯು ನಿರ್ನಾಮವಾಗಲಿಲ್ಲ. ಅಜ್ಜಿಯಂದಿರು ಮನೆಯೊಳಗೆ ಮೊಮ್ಮಕ್ಕಳಿಗೆ ಸೂಜಿ ಹಿಡಿಯುವುದನ್ನು ಕಲಿಸಿದರು. ಜುಲೈ 4ರ ರಾಷ್ಟ್ರೀಯ ಉತ್ಸವದ ನೆವದಲ್ಲಿಯೂ, ಮೊದಲನೆಯ ಮಹಾಯುದ್ಧದಿಂದ ಮರಳಿದ ತಮ್ಮ ಯೋಧರನ್ನು ಸನ್ಮಾನಿಸುವ ನೆವದಲ್ಲಿಯೂ ಕುಣಿದರು. 1934ರಲ್ಲಿ ಜಾನ್ ಕೋಲಿಯರ್ ಎಂಬ ಅಧಿಕಾರಿಯ ಆಜ್ಞೆಯಿಂದ ನಿರ್ಬಂಧವು ಸಡಿಲವಾಯಿತು. 1978ರ ಶಾಸನವು ಅವರ ಧರ್ಮಾಚರಣೆಗೆ ರಕ್ಷಣೆಯನ್ನು ಘೋಷಿಸಿತು. ಆದರೆ ಕಾನೂನು ಬಾಗಿಲನ್ನು ತೆರೆಯಬಲ್ಲುದೇ ಹೊರತು ಹೆಜ್ಜೆಯನ್ನು ಕಲಿಸಲಾರದು. ನಡುವೆ ಕಳೆದುಹೋದ ತಲೆಮಾರುಗಳಲ್ಲಿ ಎಷ್ಟೋ ಮನೆಗಳ ಸೂತ್ರವು ಕಡಿದಿತ್ತು.

ಹೀಗಿರಲು, ಹಿಂದೆ ಮನೆಯಲ್ಲಿ ನಡೆಯುತ್ತಿದ್ದ ಬೋಧನೆಯನ್ನು ಈಗ ಊರಿನ ಸಮುದಾಯ ಭವನಗಳಲ್ಲಿ ಎಲ್ಲರಿಗೂ ತೆರೆದಿರುವರು. ಕಲಿಯುವವನು ತನ್ನ ಪಾದವನ್ನು ಕಾಗದದ ಮೇಲಿಟ್ಟು ಗೆರೆಯೆಳೆದು ಮೊಕಸಿನ್ನಿನ ಅಳತೆಯನ್ನು ತೆಗೆಯುವನು. ಚರ್ಮವನ್ನು ಕತ್ತರಿಸಿ ಹೊಲಿಯುವನು. ಮಣಿಗಳನ್ನು ಎಣಿಸಿ ಸಾಲಾಗಿ ಕೂಡಿಸುವನು. ಸಾಲು ಸೊಟ್ಟಗಾದರೆ ಬಿಚ್ಚಿ ಮತ್ತೆ ಹೊಲಿಯಬೇಕು. ಹೆಜ್ಜೆಯೂ ಹಾಗೆಯೇ: ಪಾದದ ಮುಂಭಾಗವನ್ನು ಒಂದು ಪೆಟ್ಟಿಗೆ ಮೆಲ್ಲನೆ ತಾಗಿಸಿ, ಮುಂದಿನ ಪೆಟ್ಟಿಗೆ ಪೂರ್ಣವಾಗಿ ಊರಬೇಕು. ನಗಾರಿಯ ಕೊನೆಯ ಪೆಟ್ಟಿನೊಡನೆ ಹೆಜ್ಜೆಯೂ ನಿಲ್ಲಬೇಕು. ಅದಕ್ಕಾಗಿ ಹಾಡನ್ನು ಬಲ್ಲವನಾಗಿರಬೇಕು; ಹಾಡನ್ನು ಬಲ್ಲವನಾಗಲು ನುಡಿಯನ್ನು ಕಲಿಯಬೇಕು. ಹೀಗೆ ಒಂದು ಜೋಡು ಪಾದರಕ್ಷೆಯಿಂದ ಆರಂಭವಾದ ಪಾಠವು ಮಾತೃಭಾಷೆಯವರೆಗೆ ಕೊಂಡೊಯ್ಯುವುದು.

ಗರುಡಪಕ್ಷಿಯ ಗರಿಯ ವಿಷಯವನ್ನು ಇಲ್ಲಿ ಹೇಳತಕ್ಕದ್ದು. ಅದನ್ನು ಮಾರುವುದು ಅಮೇರಿಕದ ಕಾನೂನಿಗೂ ವಿರುದ್ಧ, ಅವರ ಸಂಪ್ರದಾಯಕ್ಕೂ ವಿರುದ್ಧ. ಸತ್ತ ಗರುಡಗಳನ್ನು ಕೊಲರಾಡೊ ಸಂಸ್ಥಾನದಲ್ಲಿರುವ ಸರಕಾರಿ ಭಂಡಾರವು ಸಂಗ್ರಹಿಸಿ, ಅರ್ಜಿ ಸಲ್ಲಿಸಿದ ಬುಡಕಟ್ಟಿನವರಿಗೆ ಹಂಚುವುದು. ಹಿರಿಯರು ಯೋಗ್ಯತೆಯನ್ನು ಕಂಡು ಗರಿಯನ್ನು ಕೈಯಾರೆ ದಯಪಾಲಿಸುವರು. ಕುಣಿಯುವಾಗ ಅದು ನೆಲಕ್ಕೆ ಬಿದ್ದರೆ ನೃತ್ಯವೇ ನಿಲ್ಲುವುದು. ವಿಧಿಪೂರ್ವಕವಾಗಿ ಎತ್ತಿದ ಮೇಲೆಯೇ ಮುಂದುವರಿಯುವುದು. ಉಡುಗೆಯನ್ನೆಲ್ಲ ಕೈಯಿಂದ ಮಾಡಬಹುದು. ಗರಿಯನ್ನು ಮಾತ್ರ ಕೊಡುವವರ ಕೈಯಿಂದಲೇ ಪಡೆಯಬೇಕು.

ಇಷ್ಟರಿಂದ ಅವರು ಪರರಿಂದ ಏನನ್ನೂ ಕೊಳ್ಳದ ಸಂಕುಚಿತರೆಂದು ಭಾವಿಸಬಾರದು. ತವರದ ಕೊಳವೆಗಳು ಝಣಝಣಿಸುವ ಸ್ತ್ರೀಯರ ಉಡುಗೆಯು ಓಜಿಬ್ವೆ ಜನರದು. ರೋಗಶಾಂತಿಯ ನೃತ್ಯವಾಗಿ ಅದು ಹುಟ್ಟಿತೆಂದು ಹೇಳುವರು. ಓಜಿಬ್ವೆಯರು ಡಕೋಟರ ಹಳೆಯ ವೈರಿಗಳು. ಆದರೂ ಇಂದು ಡಕೋಟರ ಹೆಣ್ಣುಮಕ್ಕಳು ಆ ಉಡುಗೆಯನ್ನು ಗೌರವದಿಂದ ಹೊಲಿದು ಧರಿಸುವರು.

ಗಲ್ಲಿನ ನೆನಪನ್ನು ಹೊತ್ತ ಅದೇ ಮ್ಯಾಂಕೇಟೊದಲ್ಲಿ 1972ರಿಂದ ವಾಚೀಪಿಯು ಮತ್ತೆ ನಡೆಯತೊಡಗಿತು. ಆ 38 ಮಂದಿಯನ್ನು ಅಲ್ಲಿ ಸ್ಮರಿಸುವರು. ಅಲ್ಲಿಗೆ ಸ್ವಂತ ಕೈಯಿಂದ ಹೊಲಿದ ಮೊಕಸಿನ್ ತೊಟ್ಟು ಬರುವ ಬಾಲಕನು ಪೂರ್ವಜರ ಋಣವನ್ನು ತನ್ನ ಪಾದಗಳಿಂದಲೇ ಸಲ್ಲಿಸುವನು.

ಮಠಗಳ ಹಿರಿಮೆಯೂ ಕಲ್ಲುಗೋಡೆಗಳಲ್ಲಿಲ್ಲ. ಬಲ್ಲವರು ಬದುಕಿರುವಾಗಲೇ ಕಲಿಯುವವರು ಅವರ ಬಳಿ ಕುಳಿತುಕೊಳ್ಳುವುದರಲ್ಲಿದೆ. ಈ ಮಹೋತ್ಸವದ ಸಂದರ್ಭದಲ್ಲಿ ಭಕ್ತರು ತಮ್ಮ ಮಕ್ಕಳನ್ನು ಹಿರಿಯರ ಬಳಿಗೆ ಕರೆತರುವ ಸಂಕಲ್ಪವನ್ನು ಮಾಡಲಿ.