ನೆಟ್ಟ ಲೆಕ್ಕ ಬೇಡ, ಉಳಿದ ಲೆಕ್ಕ ಕೊಡೋಣ

 

ನಾನು ಸರ್ಕಾರಿ ಎಂಜಿನಿಯರ್ ಆಗಿ ದುಡಿದು ನಿವೃತ್ತನಾದವನು. ಲೆಕ್ಕ ಕೇಳುವುದು ನನ್ನ ರೂಢಿ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಲ್ಲ ಕಡೆಯೂ ಜೂನ್ ಬಂದರೆ ಸಸಿ ನೆಡುತ್ತೇವೆ, ಫೋಟೋ ತೆಗೆಸಿಕೊಳ್ಳುತ್ತೇವೆ. ಮರುವರ್ಷ ಎಷ್ಟು ಉಳಿದವು ಎಂದರೆ ಉತ್ತರವಿಲ್ಲ.

ನಮ್ಮ ನೆಲ ಒಂದೇ ತೆರನಾದುದಲ್ಲ. ಕೃಷ್ಣೆ, ದೂಧಗಂಗೆಯ ದಂಡೆಯಲ್ಲಿ ಕಬ್ಬಿಗೆ ನೀರು ಹಾಯಿಸಿ ಹಾಯಿಸಿ ಎಷ್ಟೋ ಹೊಲ ಸವಳು-ಜವಳಾಗಿದೆ. ಅಥಣಿಯ ಒಣಭಾಗದಲ್ಲಿ ಮಳೆಯೇ ಕಡಿಮೆ. ಸವಳು ನೆಲದಲ್ಲಿ ಹೊಂಗೆ ತಾಳುತ್ತದೆ, ಒಣಭೂಮಿಯಲ್ಲಿ ಬೇವು, ಒಳ್ಳೆಯ ಮಣ್ಣಿನ ಒಡ್ಡಿಗೆ ಸಾಗವಾನಿ, ಹೆಬ್ಬೇವು. ಯಾವ ಹೊಲಕ್ಕೆ ಯಾವ ಗಿಡ ಎಂಬುದು ಊರವರಿಗೇ ಗೊತ್ತು. ಆದ್ದರಿಂದ ನರ್ಸರಿ ಊರಲ್ಲೇ ಇರಬೇಕು.

ನರ್ಸರಿ ಕೆಲಸ ಜೂನ್‌ನಲ್ಲಿ ಆರಂಭವಾಗುವುದಲ್ಲ. ಬೇವಿನ ಬೀಜ ಬಹಳ ದಿನ ಇಟ್ಟರೆ ಮೊಳೆಯುವುದಿಲ್ಲ. ಮಳೆಗಾಲದಲ್ಲಿ ಉದುರಿದ ಹಣ್ಣನ್ನು ಆಗಲೇ ತೊಳೆದು ಬಿತ್ತಬೇಕು. ಆ ಸಸಿ ನೆಡಲು ಬರುವುದು ಮುಂದಿನ ಮುಂಗಾರಿಗೆ. ಚೀಲದಲ್ಲಿ ಹೆಚ್ಚು ಕಾಲ ಇಟ್ಟರೆ ಬೇರು ಸುರುಳಿಯಾಗುತ್ತದೆ. ನೆರಳಲ್ಲೇ ಬೆಳೆದದ್ದು ಹೊಲದ ಬಿಸಿಲಿಗೆ ಬಾಡುತ್ತದೆ. ನೆಡುವ ಮೊದಲು ಕೆಲವು ವಾರ ಬಿಸಿಲು ತೋರಿಸಿ ಗಟ್ಟಿ ಮಾಡಬೇಕು.

ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ 2011-12ರಿಂದ ಇದೆ. ಇಲಾಖೆಯ ನರ್ಸರಿಯಿಂದ ಸಸಿ ಒಯ್ದ ರೈತನಿಗೆ ಬದುಕುಳಿದ ಸಸಿ ಎಣಿಸಿ ಮೂರು ವರ್ಷ ಪ್ರೋತ್ಸಾಹಧನ ಕೊಡುತ್ತಾರೆ. ನೆಟ್ಟದ್ದಕ್ಕಲ್ಲ, ಉಳಿದದ್ದಕ್ಕೆ! ವಲಯ ಅರಣ್ಯ ಕಚೇರಿಯಲ್ಲಿ ಹೆಸರು ಬರೆಸಿರಿ. 2001ರ ತಿದ್ದುಪಡಿಯಿಂದ ಹೊಲದ ಶ್ರೀಗಂಧಕ್ಕೂ ರೈತನೇ ಒಡೆಯ. ಆದರೆ ಅದು ಬೇರೆ ಗಿಡದ ಬೇರಿನಿಂದ ಆಹಾರ ಎಳೆಯುವ ಮರ. ಪಕ್ಕದಲ್ಲಿ ತೊಗರಿಯಂಥ ಆಸರೆ ಗಿಡ ಬೇಕು.

"ನೆರಳು ಬಿದ್ದರೆ ಕಬ್ಬು ಇಳುವರಿ ಕೊಡುವುದಿಲ್ಲ" ಎನ್ನುತ್ತೀರಿ. ನಿಜ. ಕಬ್ಬಿನ ನಡುವೆ ನೆಡಿರೆಂದು ನಾನು ಹೇಳುವುದಿಲ್ಲ. ಒಡ್ಡು, ಹೊಲದ ದಾರಿ, ಸವಳು ಬಿದ್ದ ಮೂಲೆ ಸಾಕು.

ಮಠಗಳಲ್ಲಿ ನನ್ನ ಬಿನ್ನಹ ಇಷ್ಟೇ. ಐದು ಗುಂಟೆ ಜಾಗ, ಬೋರಿನ ನೀರು ನಿಮ್ಮ ದಾಸೋಹವಾಗಲಿ. ಬೀಜ ಆರಿಸಿ ಚೀಲ ತುಂಬುವುದು ಸ್ವಸಹಾಯ ಸಂಘದ ತಾಯಂದಿರ ಕಾಯಕವಾಗಲಿ. ಅದಕ್ಕೆ ಸರಿಯಾದ ಕೂಲಿಯೂ ಸಲ್ಲಲಿ. ಸಸಿಯನ್ನು ಪುಕ್ಕಟೆ ಕೊಡಬೇಡಿ, ಸ್ವಲ್ಪವಾದರೂ ಬೆಲೆ ಇರಲಿ. ಪುಕ್ಕಟೆ ಸಸಿ ಒಡ್ಡಿನ ಮೇಲೇ ಒಣಗುತ್ತದೆ.

ಜಾತ್ರೆಯಲ್ಲಿ ದಾನಿಗಳ ಪಟ್ಟಿ ಓದುತ್ತೇವೆ. ಅದರ ಜೊತೆಗೆ ಯಾವ ಊರಲ್ಲಿ ಎಷ್ಟು ಗಿಡ ಉಳಿದವು ಎಂಬ ಪಟ್ಟಿಯನ್ನೂ ಓದೋಣ.