ಮದುವೆ ಕಾಗದವಿಲ್ಲದೆ ಪರದೇಶ ಪ್ರಯಾಣ



ಇವತ್ತಿನ ವಿಷಯ ಸ್ವಲ್ಪ ಇಕ್ಕಟ್ಟಿನದು. ಹಿರಿಯರ ಪಕ್ಕದಲ್ಲಿ ಕೂತು ಕೇಳುವ ಕಿರಿಯರಿಗೆ ಕೊಂಚ ಮುಜುಗರವಾದೀತು, ಹಿರಿಯರಿಗೆ ಸಿಟ್ಟೂ ಬಂದೀತು. ಆದರೂ ಆಡಲೇಬೇಕಾದ ಮಾತು. ರೊಳ್ಳ, ಅಗಳಿ, ಅಮರಾಪುರ, ಗುಡಿಬಂಡೆಯ ಕಡೆಯಿಂದ, ಅತ್ತ ರಾಯದುರ್ಗದ ಹಳ್ಳಿಗಳಿಂದ ನಮ್ಮ ಮಕ್ಕಳು ಬೆಂಗಳೂರಿಗೆ ಓದಲು ಹೋಗುತ್ತಾರೆ, ಅಲ್ಲೇ ಕೆಲಸ ಹಿಡಿಯುತ್ತಾರೆ, ಆಮೇಲೆ ಕೆನಡಾ ಎನ್ನುತ್ತಾರೆ, ಆಸ್ಟ್ರೇಲಿಯಾ ಎನ್ನುತ್ತಾರೆ. ಅಷ್ಟು ಹೊತ್ತಿಗೆ ಕೆಲವರಿಗೆ ಒಬ್ಬರು ಜೊತೆಗಾರರು ಆಗಿರುತ್ತಾರೆ. ಮದುವೆ ಆಗಿರುವುದಿಲ್ಲ. ಜಾತಿ ಬೇರೆ ಇರಬಹುದು, ಮನೆಯವರು ಒಪ್ಪದೆ ಇರಬಹುದು, ಅಥವಾ ಅವರಿಗೇ ಈಗಲೇ ಮದುವೆ ಬೇಡ ಅನ್ನಿಸಿರಬಹುದು. ಇಬ್ಬರೂ ಒಟ್ಟಿಗೆ ಹೊರದೇಶಕ್ಕೆ ಹೋಗಿ ನೆಲೆಸಬಹುದೇ ಎಂಬುದು ಪ್ರಶ್ನೆ. ಸರಿಯೋ ತಪ್ಪೋ ಎಂಬ ವಾದ ನಿಮ್ಮ ನಿಮ್ಮ ಮನೆಗೆ ಬಿಟ್ಟದ್ದು. ಕಾನೂನು ಏನು ಹೇಳುತ್ತದೆ ಎಂಬಷ್ಟನ್ನು ನಾನು ಹೇಳುತ್ತೇನೆ.

ಮೊದಲು ಒಂದು ಹಳೆಯ ಸಂಗತಿ. 1913ರ ಮಾರ್ಚ್ 14ರಂದು ದಕ್ಷಿಣ ಆಫ್ರಿಕಾದ ಕೇಪ್ ಪ್ರಾಂತ್ಯದಲ್ಲಿ ಸರ್ಲ್ ಎಂಬ ನ್ಯಾಯಾಧೀಶರು ಒಂದು ತೀರ್ಪು ಕೊಟ್ಟರು. ಅಲ್ಲಿ ನೆಲೆಸಿದ್ದ ಒಬ್ಬ ಭಾರತೀಯ ಮುಸ್ಲಿಮರ ಹೆಂಡತಿಯನ್ನು ದೇಶದೊಳಗೆ ಬಿಡಬೇಕೇ ಬೇಡವೇ ಎಂಬುದು ಮೊಕದ್ದಮೆ. ಒಬ್ಬನಿಗೆ ಹಲವು ಹೆಂಡಿರಿರಲು ಒಪ್ಪುವ ಧರ್ಮದ ಪದ್ಧತಿಯಲ್ಲಿ ಆದ ಮದುವೆ ಇಲ್ಲಿನ ಕಾನೂನಿನ ಕಣ್ಣಿಗೆ ಮದುವೆಯಲ್ಲ ಎಂದಿತು ನ್ಯಾಯಾಲಯ. ಅಷ್ಟೇ ಸಾಕಾಯಿತು. ಅಲ್ಲಿದ್ದ ಸಾವಿರಾರು ಹಿಂದೂ, ಮುಸ್ಲಿಂ, ಪಾರ್ಸಿ ಹೆಂಗಸರು ಬೆಳಗಾಗುವಷ್ಟರಲ್ಲಿ ಮದುವೆಯಾಗದವರಾದರು. ಆ ಸಿಟ್ಟಿನಲ್ಲೇ ಕಸ್ತೂರಬಾ ಗಾಂಧಿಯವರು ಸತ್ಯಾಗ್ರಹಕ್ಕೆ ಇಳಿದು, ಅದೇ ವರ್ಷ ಸೆಪ್ಟೆಂಬರಿನಲ್ಲಿ ಮೂರು ತಿಂಗಳ ಸೆರೆಮನೆ ಶಿಕ್ಷೆಗೆ ಒಳಗಾದರು. 1914ರಲ್ಲಿ ಹೊಸ ಕಾಯಿದೆ ಬಂದು ಆ ಮದುವೆಗಳಿಗೆ ಮಾನ್ಯತೆ ಸಿಕ್ಕಿತು.

ಈ ಕಥೆಯನ್ನು ಹೇಳಿದ್ದಕ್ಕೆ ಕಾರಣವಿದೆ. ಗಡಿ ದಾಟಿದ ಮೇಲೆ ನೀವು ಗಂಡಹೆಂಡಿರು ಹೌದೋ ಅಲ್ಲವೋ ಎಂದು ತೀರ್ಮಾನಿಸುವವರು ಆ ದೇಶದ ಅಧಿಕಾರಿ. ನಮ್ಮ ಸೀಮೆಯಲ್ಲಿ ಸೀರುಡಿಕೆ ಎಂಬ ಪದ್ಧತಿ ಇತ್ತು, ಕೂಡಿಕೆ ಎಂದೂ ಅನ್ನುತ್ತಾರೆ. ಗಂಡ ಸತ್ತ ಅಥವಾ ಗಂಡನನ್ನು ಬಿಟ್ಟ ಹೆಂಗಸಿಗೆ ಸೀರೆ ಕೊಟ್ಟು ಮನೆ ತುಂಬಿಸಿಕೊಳ್ಳುವುದು. ಊರಿಗೆಲ್ಲ ಅವರು ಗಂಡಹೆಂಡಿರೇ, ಆದರೆ ಕಾಗದ ಇಲ್ಲ. ಹಿಂದಿನ ಗಂಡನಿಂದ ಬಿಡುಗಡೆ ಆದದ್ದೂ ಪಂಚಾಯಿತಿ ಕಟ್ಟೆಯ ಮೇಲೆ, ಛಾಪಾ ಕಾಗದದ ಒಂದು ಬರಹದಲ್ಲಿ. ಹಾಗಾಗಿ ನಲವತ್ತು ವರ್ಷ ಸಂಸಾರ ಮಾಡಿದ ಅಜ್ಜ ಅಜ್ಜಿಯೂ ಮಗನನ್ನು ನೋಡಲು ಹೊರದೇಶಕ್ಕೆ ಹೊರಟರೆ, ಬೆಂಗಳೂರಿನ ಆ ಜೋಡಿಯ ಸಾಲಿನಲ್ಲೇ ನಿಲ್ಲಬೇಕಾದೀತು. ಮೂಗು ಮುರಿಯುವವರು ಇದನ್ನು ನೆನಪಿಟ್ಟುಕೊಳ್ಳಲಿ.

ಇನ್ನು ದೇಶಗಳ ವಿಚಾರ. ಕೆನಡಾದಲ್ಲಿ ಮದುವೆಯಾಗದಿದ್ದರೂ ಒಂದು ವರ್ಷ ಎಡೆಬಿಡದೆ ಒಂದೇ ಮನೆಯಲ್ಲಿ ದಂಪತಿಗಳಂತೆ ಬಾಳಿದವರನ್ನು ‘ಕಾಮನ್ ಲಾ ಪಾರ್ಟ್ನರ್’ ಎಂದು ಒಪ್ಪುತ್ತಾರೆ. ಖಾಯಂ ವಾಸದ ಅರ್ಜಿಯಲ್ಲಿ ಹೆಂಡತಿಗೆ ಇರುವ ಜಾಗವೇ ಆ ಜೊತೆಗಾರರಿಗೂ ಇದೆ. ಆಸ್ಟ್ರೇಲಿಯಾದಲ್ಲಿ ‘ಡಿ ಫ್ಯಾಕ್ಟೋ’ ಎನ್ನುತ್ತಾರೆ. ಅಲ್ಲೂ ಸಾಮಾನ್ಯವಾಗಿ 12 ತಿಂಗಳು. ಬ್ರಿಟನ್ನಿನಲ್ಲಿ ಮೊದಲು ಎರಡು ವರ್ಷ ಒಟ್ಟಿಗೆ ವಾಸ ಮಾಡಿರಬೇಕಿತ್ತು. 2024ರ ಜನವರಿ ಕೊನೆಯಿಂದ, ಎರಡು ವರ್ಷ ಮದುವೆಯಂಥ ಸಂಬಂಧದಲ್ಲಿದ್ದರೆ ಸಾಕು, ಒಂದೇ ಮನೆಯಲ್ಲಿ ಇರಲಾಗದ್ದಕ್ಕೆ ಸರಿಯಾದ ಕಾರಣ ತೋರಿಸಬಹುದು ಎಂದು ಬದಲಾಯಿಸಿದರು. ಈ ದೇಶಗಳು ಗಂಡು ಗಂಡು, ಹೆಣ್ಣು ಹೆಣ್ಣು ಜೋಡಿಗಳಿಗೂ ಇದೇ ಅಳತೆ ಹಿಡಿಯುತ್ತವೆ. ನಮ್ಮ ಸುಪ್ರೀಂ ಕೋರ್ಟು 2023ರ ಅಕ್ಟೋಬರಿನಲ್ಲಿ ಅಂಥವರ ಮದುವೆಗೆ ಮಾನ್ಯತೆ ಕೊಡಲು ಒಪ್ಪಲಿಲ್ಲವಾದ್ದರಿಂದ, ಇಲ್ಲಿಂದ ಹೊರಡುವ ಅವರಿಗೆ ಇರುವುದು ಈ ದಾರಿಯೇ. ಒಂದು ಎಚ್ಚರ. ಓದಲು ಹೋಗುವವರೆಲ್ಲ ಜೊತೆಗಾರರನ್ನು ಕರೆದೊಯ್ಯುವಂತಿಲ್ಲ. 2024ರಿಂದ ಬ್ರಿಟನ್ನು, 2025ರಿಂದ ಕೆನಡಾ ಅದನ್ನು ಬಹಳ ಬಿಗಿ ಮಾಡಿವೆ, ಮದುವೆಯಾದವರಿಗೂ ಸೇರಿ.

ಬಾಗಿಲು ಇದೆ ಸರಿ, ಆದರೆ ಅಲ್ಲಿ ಏನು ಕೇಳುತ್ತಾರೆ ನೋಡಿ. ಬಾಡಿಗೆ ಕರಾರಿನಲ್ಲಿ ಇಬ್ಬರ ಹೆಸರೂ ಇದೆಯೇ? ಬ್ಯಾಂಕಿನಲ್ಲಿ ಜಂಟಿ ಖಾತೆ ಇದೆಯೇ? ಕರೆಂಟು ಬಿಲ್ಲು, ಗ್ಯಾಸು ಯಾರ ಹೆಸರಿನಲ್ಲಿ? ವಿಮೆಯಲ್ಲಿ ನಾಮಿನಿ ಯಾರು? ನೆಂಟರಿಷ್ಟರು ನಿಮ್ಮನ್ನು ಜೋಡಿ ಎಂದು ಬಲ್ಲರೇ? ಇಲ್ಲೇ ಗಂಟು ಬೀಳುವುದು. ಊರಿಗೆ ತಿಳಿಯಬಾರದು ಎಂದು ನಮ್ಮ ಮಕ್ಕಳು ಮಾಡುವುದೆಲ್ಲ ಇದರ ತಿರುಗುಮುರುಗು. ಕರಾರು ಒಬ್ಬರ ಹೆಸರಿಗೆ, ಇನ್ನೊಬ್ಬರ ವಿಳಾಸ ಇನ್ನೂ ಹಾಸ್ಟೆಲ್ಲು, ಮನೆಯ ಮಾಲೀಕರಿಗೆ ಅಣ್ಣತಂಗಿ ಎಂದು ಸುಳ್ಳು. ಎಷ್ಟು ಚೆನ್ನಾಗಿ ಬಚ್ಚಿಟ್ಟಿರುತ್ತಾರೋ ಅಷ್ಟು ಮಟ್ಟಿಗೆ ಅಧಿಕಾರಿಯ ಮುಂದೆ ಕೈ ಬರಿದು. ಮೂರು ವರ್ಷ ಒಂದೇ ಒಲೆಯಲ್ಲಿ ಬೇಯಿಸಿ ಉಂಡವರಿಗೂ ಒಂದು ವರ್ಷದ ಪುರಾವೆ ಹೊಂದಿಸುವುದು ಕಷ್ಟವಾಗುತ್ತದೆ.

ಅಮೆರಿಕದ ಮಾತೇ ಬೇರೆ. ಸಾಫ್ಟ್‌ವೇರ್ ಕೆಲಸಕ್ಕೆ ಹೋದವರ ಜೊತೆ ಹೋಗುವ ಎಚ್-4 ವೀಸಾ ಮದುವೆಯಾದ ಗಂಡ ಅಥವಾ ಹೆಂಡತಿಗೆ ಮತ್ತು ಚಿಕ್ಕ ಮಕ್ಕಳಿಗೆ ಮಾತ್ರ. ಜೊತೆಗಾರರು ಸಂದರ್ಶಕರ ವೀಸಾ ಕೇಳಬಹುದು, ಅದರಲ್ಲಿ ದುಡಿಯುವಂತಿಲ್ಲ. ಆ ದೇಶದ ಪ್ರಜೆಯನ್ನೇ ಮದುವೆಯಾಗಲಿದ್ದರೆ ಕೆ-1 ಎಂಬುದಿದೆ, ಹೋದ 90 ದಿನದೊಳಗೆ ಮದುವೆ ಆಗಬೇಕು.

ಕುವೈತ್, ಸೌದಿಯ ಕಡೆ ಈ ಯೋಚನೆಯನ್ನೇ ಬಿಡಿ. ಮದುವೆಯಿಲ್ಲದೆ ಕೂಡಿ ಬಾಳುವುದು ಅಲ್ಲಿ ಅಪರಾಧ, ಸೆರೆಮನೆ ತಪ್ಪದು. ಮಗು ಹುಟ್ಟಿದರೆ ಜನನ ಪತ್ರಕ್ಕೂ ಮದುವೆ ಪತ್ರ ಬೇಕು. ದುಬೈ ಇರುವ ಎಮಿರೇಟ್ಸ್ ದೇಶ 2020ರಲ್ಲಿ ಕೂಡಿ ಬಾಳುವವರ ಮೇಲಿನ ಕಾನೂನನ್ನು ಸಡಿಲ ಮಾಡಿತು, ನಿಜ. ಆದರೆ ಹೆಂಡತಿ ಎಂದು ವೀಸಾ ಮಾಡಿಸಲು ಮೊಹರು ಬಿದ್ದ ಮದುವೆ ಪತ್ರವೇ ಬೇಕು.

ಇಂಥ ಇಕ್ಕಟ್ಟಿನಲ್ಲಿ ಏಜೆಂಟರು ಒಂದು ಉಪಾಯ ಹೇಳಿಕೊಡುತ್ತಾರೆ. ಯಾವುದೋ ಗುಡಿಯ ರಸೀದಿ, ಎರಡು ಹಾರ, ನಾಲ್ಕು ಫೋಟೋ, ಹಿಂದಿನ ತಾರೀಖು ಹಾಕಿದ ಪತ್ರ. ಮಾಡಬೇಡಿ. ಅರ್ಜಿಯಲ್ಲಿ ಸುಳ್ಳು ಸಿಕ್ಕಿಬಿದ್ದರೆ ಕೆನಡಾ ಐದು ವರ್ಷ ಒಳಗೆ ಸೇರಿಸುವುದಿಲ್ಲ, ಆಸ್ಟ್ರೇಲಿಯಾದಲ್ಲಿ ಸುಳ್ಳು ದಾಖಲೆಗೆ ಮೂರು ವರ್ಷ. ಏಜೆಂಟನ ದುಡ್ಡು ಏಜೆಂಟನ ಹತ್ತಿರವೇ ಉಳಿಯುತ್ತದೆ.

ಹುಡುಗಿಯರಿಗೆ ಒಂದು ಮಾತು ಬೇರೆಯಾಗಿ ಹೇಳಬೇಕು. ಬೆಂಗಳೂರಿನಲ್ಲಿ ಒಂದೇ ಕಂಪನಿಯಲ್ಲಿ ಕೆಲಸಕ್ಕಿದ್ದ ಇಬ್ಬರು 1992ರಿಂದ ಕೂಡಿ ಬಾಳಿದರು. ಆತನಿಗೆ ಮೊದಲೇ ಮದುವೆಯಾಗಿ ಮಕ್ಕಳಿದ್ದರು, ಈಕೆಗೂ ಅದು ಗೊತ್ತಿತ್ತು. ಕೊನೆಗೆ ಆತ ಬಿಟ್ಟುಹೋದಾಗ ಮ್ಯಾಜಿಸ್ಟ್ರೇಟರು ತಿಂಗಳಿಗೆ 18,000 ರೂಪಾಯಿ ಜೀವನಾಂಶ ಕೊಡಿಸಿದರು. ಹೈಕೋರ್ಟು ಅದನ್ನು ತಳ್ಳಿಹಾಕಿತು. 2013ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಹೈಕೋರ್ಟಿನ ಮಾತನ್ನೇ ಎತ್ತಿಹಿಡಿಯಿತು. ಇಬ್ಬರೂ ಮದುವೆಯಾಗದವರಾಗಿದ್ದರೆ ಲೆಕ್ಕ ಬೇರೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆ, ಮದುವೆಯಂತಿರುವ ಸಂಬಂಧದಲ್ಲಿ ಒಂದೇ ಮನೆಯಲ್ಲಿ ಬಾಳಿದ ಹೆಣ್ಣಿಗೂ ರಕ್ಷಣೆ ಕೊಡುತ್ತದೆ. ಆದ್ದರಿಂದ ಜೊತೆಗಾರನಿಗೆ ಊರಲ್ಲಿ ಹೆಂಡತಿ ಇದ್ದಾಳೆಯೇ ಎಂದು ಮೊದಲು ವಿಚಾರಿಸಿಕೊಳ್ಳಿ. ಇದ್ದು, ಬಿಟ್ಟಿದ್ದೇನೆ ಎಂದರೆ ನ್ಯಾಯಾಲಯದ ವಿಚ್ಛೇದನ ಪತ್ರ ಕೇಳಿ ನೋಡಿ, ಪಂಚಾಯಿತಿ ಕಾಗದಕ್ಕೆ ಸುಮ್ಮನಾಗಬೇಡಿ.

ಹೊರದೇಶದಲ್ಲಿ ಇನ್ನೊಂದು ತೊಡಕು. ನಿಮ್ಮ ವೀಸಾ ಅವನ ವೀಸಾದ ಬಾಲವಾಗಿದ್ದರೆ, ಸಂಬಂಧ ಮುರಿದ ದಿನ ಅಲ್ಲಿರುವ ಹಕ್ಕೂ ಅಲ್ಲಾಡುತ್ತದೆ. ಹೊಡೆತ ಬಡಿತಕ್ಕೆ ಸಿಕ್ಕ ಜೊತೆಗಾರ್ತಿಗೆ ಆಸ್ಟ್ರೇಲಿಯಾದ ಪಾರ್ಟ್ನರ್ ವೀಸಾದಲ್ಲಿ ರಕ್ಷಣೆ ಇದೆ, ಕೆನಡಾದಲ್ಲೂ ಒಂದು ಪರವಾನಗಿ ಇದೆ. ಎಲ್ಲ ದೇಶದಲ್ಲೂ ಎಲ್ಲ ವೀಸಾಕ್ಕೂ ಇಲ್ಲ. ನಿಮ್ಮ ಪಾಸ್‌ಪೋರ್ಟು ನಿಮ್ಮ ಪೆಟ್ಟಿಗೆಯಲ್ಲೇ ಇರಲಿ, ಬ್ಯಾಂಕಿನಲ್ಲಿ ನಿಮ್ಮದೇ ಒಂದು ಖಾತೆಯೂ ಇರಲಿ, ವಾಪಸು ಬರುವ ಟಿಕೆಟ್ಟಿನಷ್ಟು ದುಡ್ಡು ಅದರಲ್ಲಿರಲಿ.

ಮದುವೆ ಆಗಿಯೇ ಹೋಗೋಣ ಎಂದು ತೀರ್ಮಾನಿಸಿದವರಿಗೆ 1954ರ ವಿಶೇಷ ವಿವಾಹ ಕಾಯಿದೆ ಇದೆ, ಜಾತಿ ಧರ್ಮ ಕೇಳುವುದಿಲ್ಲ. ಇಬ್ಬರಲ್ಲಿ ಒಬ್ಬರು ಆ ಜಿಲ್ಲೆಯಲ್ಲಿ 30 ದಿನ ವಾಸವಿದ್ದು ನೋಟಿಸು ಕೊಡಬೇಕು, ಮತ್ತೆ 30 ದಿನ ಕಾಯಬೇಕು. ಖಾಯಂ ವಾಸ ಬೇರೆ ಕಡೆ ಇದ್ದರೆ ನೋಟಿಸಿನ ಪ್ರತಿ ಅಲ್ಲಿಗೂ ಹೋಗುತ್ತದೆ, ಗೋಡೆಗೆ ಅಂಟಿಸುತ್ತಾರೆ. ಅಂದರೆ ಬೆಂಗಳೂರಿನಲ್ಲಿ ಗುಟ್ಟಾಗಿ ಆಗಬಹುದೆಂದು ತಿಳಿಯಬೇಡಿ. ಶಾಸ್ತ್ರದ ಮದುವೆ ಆಗಿಯೂ ಕಾಗದ ಇಲ್ಲದ ಹಿಂದೂಗಳು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ 1955ರ ಕಾಯಿದೆಯಡಿ ಈಗಲೂ ನೋಂದಾಯಿಸಿಕೊಳ್ಳಬಹುದು, ಎಷ್ಟು ವರ್ಷ ಕಳೆದಿದ್ದರೂ ಸರಿ.

ಗಡಿಯ ನಮಗೆ ಹೆಸರಿನದೇ ಒಂದು ಫಜೀತಿ. ತೆಲುಗು ಲೆಕ್ಕಕ್ಕೆ ಇಂಟಿಪೇರು ಮುಂದೆ, ಕನ್ನಡ ಲೆಕ್ಕಕ್ಕೆ ಊರಿನದೋ ಅಪ್ಪನದೋ ಒಂದಕ್ಷರ. ಆಧಾರಿನಲ್ಲಿ ನಾಗರಾಜು, ಶಾಲೆಯ ಟಿ.ಸಿ.ಯಲ್ಲಿ ನಾಗರಾಜ, ಪಡಿತರ ಚೀಟಿಯಲ್ಲಿ ನಾಗರಾಜಪ್ಪ. ಜಿಲ್ಲೆಯೂ ಬದಲಾಯಿತು. 2022ರ ಏಪ್ರಿಲಿನಿಂದ ರೊಳ್ಳ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ, ಹಳೆಯ ಕಾಗದಗಳಲ್ಲಿ ಇನ್ನೂ ಅನಂತಪುರ. ಅರ್ಜಿಗೆ ಕೂಡುವ ಮೊದಲು ಇಬ್ಬರ ಹೆಸರೂ ಎಲ್ಲ ಕಡೆ ಒಂದೇ ಆಗುವಂತೆ ತಿದ್ದಿಸಿ. ತೆಲುಗು, ಕನ್ನಡದ ಕಾಗದಗಳಿಗೆ ಪ್ರಮಾಣಿತ ಇಂಗ್ಲಿಷ್ ಅನುವಾದ ಮಾಡಿಸಿ.

ಇನ್ನು, ಈ ಅರ್ಜಿಗಳ ಜೊತೆ ಇಡುವ ಕಾಗದಗಳಲ್ಲಿ ಬಹಳ ತೂಕದ್ದೊಂದು ಖರ್ಚಿಲ್ಲದ್ದು. ಇವರಿಬ್ಬರೂ ಇಂಥ ವರ್ಷದಿಂದ ಕೂಡಿ ಬಾಳುತ್ತಿದ್ದಾರೆ, ನನಗೆ ಗೊತ್ತು ಎಂದು ಹತ್ತಿರದವರು ಬರೆದು ರುಜು ಹಾಕಿದ ಪತ್ರ. ಕನ್ನಡದಲ್ಲೇ ಬರೆಯಬಹುದು, ಅನುವಾದ ಜೊತೆಗಿದ್ದರೆ ಆಯಿತು. ಅದನ್ನು ಹೆತ್ತ ತಾಯಿ ಬರೆದುಕೊಟ್ಟರೆ ಅದಕ್ಕೆ ಇರುವ ಬೆಲೆ ಗೆಳೆಯರ ಹತ್ತು ಪತ್ರಕ್ಕೆ ಇರುವುದಿಲ್ಲ. ಮಗಳೋ ಮಗನೋ ಊರಿಗೆ ಬಂದಾಗ ಅಮ್ಮನ ಮುಂದೆ ಒಂದು ಬಿಳಿ ಹಾಳೆ ಇಟ್ಟು ಬಾಯಿ ಬಿಡಲಾರದೆ ಕೂತಿದ್ದರೆ, ಏನಮ್ಮ ಇದು ಎಂದು ನೀವೇ ಕೇಳಿ.